ಬಾಖ್ ನುಡಿಸುವಾಗ ಪೆಡಲ್ ಒತ್ತಿದ್ರೆ ತಪ್ಪಾ?

ಬಾಖ್‌ನ 1722ರ ಸಂಗ್ರಹದ (ವೆಲ್-ಟೆಂಪರ್ಡ್ ಕ್ಲೇವಿಯರ್) ಮೊದಲ್ನೇ ಪ್ರೆಲ್ಯೂಡ್ (ಮುನ್ನುಡಿಯಂಥ ಚಿಕ್ಕ ರಚನೆ), ಸಿ ಮೇಜರ್ ಇದ್ಯಲ್ಲ, ಅದನ್ನ ಪಿಯಾನೋದಲ್ಲಿ ಕಲೀತಿದೀನಿ. ಟೀಚರ್ ಪೆಡಲ್ (ಬೆರಳೆತ್ತಿದ್ರೂ ಸದ್ದು ಉಳಿಯೋ ಹಾಗೆ ಕಾಲಲ್ಲಿ ಒತ್ತೋದು) ಮುಟ್ಟಲೇಬೇಡ ಅಂತಾರೆ, ಬಾಖ್ ಕಾಲದ ಕೀಲಿಮಣೆ ವಾದ್ಯ ಹಾರ್ಪ್ಸಿಕಾರ್ಡಲ್ಲಿ ಅದಿರ್ಲಿಲ್ವಂತೆ. ಆದ್ರೆ ಪೆಡಲ್ ಇಲ್ದೆ ತೀರಾ ಒಣಕಲು ಅನ್ಸತ್ತೆ, ಏನ್ಮಾಡ್ಲಿ?

ಉತ್ತರ 1:
ಪೆಡಲ್ ಇರ್ಲಿಲ್ಲ ನಿಜ, ಹಾಗಂತ ಒಣಕಲಾಗಿ ನುಡಿಸ್ತಿದ್ರು ಅಂತಲ್ಲ. ಹಾರ್ಪ್ಸಿಕಾರ್ಡ್ ತಂತಿ ಮೀಟತ್ತೆ, ಎಷ್ಟು ಜೋರಾಗಿ ಒತ್ತಿದ್ರೂ ಸದ್ದು ಹೆಚ್ಚುಕಮ್ಮಿ ಅಷ್ಟೇ, ಅದಕ್ಕೇ ಅವ್ರು ಸ್ವರಗಳನ್ನ ಬೆರಳಲ್ಲೇ ಹಿಡಿದಿಟ್ಟು ಒಂದರ ಮೇಲೊಂದು ಕೂರಿಸ್ತಾರೆ. ಎಡಗೈ ಎರಡು ಸ್ವರಗಳನ್ನ ಅರ್ಧ ಬಾರ್ (ತಾಳದ ಒಂದು ಆವರ್ತದಲ್ಲಿ ಅರ್ಧ) ಪೂರ್ತಿ ಎತ್ತದೆ ಹಿಡ್ಕೊಳ್ಳಿ (ಬರೆದಿರೋದೂ ಹಾಗೇ), ಬಲಗೈದೂ ಸ್ವಲ್ಪ ತಡವಾಗಿ ಬಿಡಿ, ಅರ್ಧ ಒಣಕಲು ಅಲ್ಲೇ ಹೋಗತ್ತೆ.

ಉತ್ತರ 2:
ಅಯ್ಯೋ, ಪಿಯಾನೋ ಮುಂದೆ ಕೂತಾಗ್ಲೇ ಅಥೆಂಟಿಕ್ ಅನ್ನೋದು ಮುಗೀತು ಗುರೂ! ಗ್ಲೆನ್ ಗೌಲ್ಡ್ ಅನ್ನೋ ಪಿಯಾನಿಸ್ಟ್ ಬಾಖ್ ಬರೆದ ಗೋಲ್ಡ್‌ಬರ್ಗ್ ವೇರಿಯೇಷನ್ಸ್‌ನ 1955ರ ರೆಕಾರ್ಡಿಂಗಲ್ಲಿ 40 ನಿಮಿಷದೊಳಗೆ ಮುಗಿಸಿದ್ರು, 1981ರಲ್ಲಿ 50 ದಾಟ್ತು. ಅದೇ ಮನುಷ್ಯ, ಅದೇ ಸ್ವರಗಳು, ಅಂದ್ರೆ ನುಡಿಸೋ ರೀತಿ ಒಂದೇ ಅಂತಿಲ್ಲ. ಆದ್ರೆ ಪೆಡಲ್ ಮಾತ್ರ ಅವ್ರೂ ತೀರಾ ಕಮ್ಮಿನೇ ಬಳಸ್ತಿದ್ದಿದ್ದು. ಫ್ಯೂಗ್‌ಗೆ (ಒಂದೇ ರಾಗವನ್ನ ಹಲವು ದನಿಗಳು ಒಂದರ ಹಿಂದೊಂದು ಎತ್ಕೊಳ್ಳೋ ರಚನೆ) ಬಂದಾಗ ಪೆಡಲ್ ಒತ್ತಿ ನೋಡಿ, ದನಿಗಳೆಲ್ಲ ಕಲಸುಮೇಲೋಗರ.

ಪ್ರಶ್ನೆ ಕೇಳಿದವ್ರು:
ಬೆರಳು ಹಿಡಿದಿಟ್ಟು ನೋಡ್ದೆ, ಪರವಾಗಿಲ್ಲ ಕಣ್ರೀ, ಕಿರುಬೆರಳು ಮಾತ್ರ ನೋಯ್ತಿದೆ. ಟೀಚರ್ ಇಲ್ದಾಗ ಪೆಡಲ್ ಒತ್ತೋದಂತೂ ಬಿಡಲ್ಲ 😄