'ಸೃಷ್ಟಿ'ಯೋ 'ಶುರು'ವೋ: ಫಾದರ್ ಲೆಮೇತ್ರ್ ಬರಹಕ್ಕೆ ಒಂದು ಪದ ಬೇಕು

ಎಲ್ಲರಿಗೂ ನಮಸ್ಕಾರ.

ನಮ್ಮ ಚರ್ಚಿನ ಭಾನುವಾರದ ತರಗತಿಯ ಮಕ್ಕಳಿಗಾಗಿ ಫಾದರ್ ಜಾರ್ಜ್ ಲೆಮೇತ್ರ್ ಬಗ್ಗೆ ನಾಲ್ಕು ಪುಟ ಬರೆಯುತ್ತಿದ್ದೇನೆ. ಬೆಲ್ಜಿಯಂನವರು. 1923ರಲ್ಲಿ ಗುರುದೀಕ್ಷೆ ಪಡೆದು ಕ್ಯಾಥೊಲಿಕ್ ಪಾದ್ರಿಯಾದರು. 1927ರಲ್ಲಿ ವಿಶ್ವ ಹಿಗ್ಗುತ್ತಿದೆ ಎಂದು ಲೆಕ್ಕ ಹಾಕಿ ತೋರಿಸಿದರು. 1931ರಲ್ಲಿ, ಎಲ್ಲವೂ ಒಂದೇ ಒಂದು 'ಆದಿ ಪರಮಾಣು'ವಿನಿಂದ ಬಂದಿರಬೇಕು ಎಂದರು. ಈಗ ನಾವು ಮಹಾಸ್ಫೋಟ (ಬಿಗ್ ಬ್ಯಾಂಗ್) ಅನ್ನುತ್ತೇವಲ್ಲ, ಅದರ ಮೊದಲ ರೂಪ ಅದು.

"ವಿಶ್ವದ ಸೃಷ್ಟಿ ಹೇಗಾಯಿತು ಎಂದು ಅವರು ವಿವರಿಸಿದರು" ಎಂದು ಕರಡಿನಲ್ಲಿ ಬರೆದಿದ್ದೆ. ಅದನ್ನು ಓದಿದ ಏಳನೇ ಕ್ಲಾಸಿನ ಹುಡುಗಿ ಕೇಳಿದಳು: "ಹಾಗಾದ್ರೆ ಸೃಷ್ಟಿ ಮಾಡಿದ್ದು ದೇವರಾ, ಮಹಾಸ್ಫೋಟನಾ?" ಅವಳ ತಪ್ಪೇನಿಲ್ಲ. ಆ ಪ್ರಶ್ನೆ ಎದ್ದದ್ದೇ ನಾನು ಹಾಕಿದ ಪದದಿಂದ.

ದೇವರ ಸೃಷ್ಟಿ, ವಿಜ್ಞಾನ ಹೇಳುವ ಶುರು, ಈ ಎರಡನ್ನೂ ಲೆಮೇತ್ರ್ ಬೇರೆ ಬೇರೆಯಾಗಿಯೇ ಇಟ್ಟಿದ್ದರು. 'ನೇಚರ್' ಎಂಬ ವಿಜ್ಞಾನ ಪತ್ರಿಕೆಗೆ ಬರೆದ 1931ರ ಪುಟ್ಟ ಪತ್ರದ ತಲೆಬರಹದಲ್ಲಿ ಇರುವುದು ಜಗತ್ತಿನ 'ಶುರು', ಸೃಷ್ಟಿಯಲ್ಲ. ಅದರ ಟೈಪು ಮಾಡಿದ ಪ್ರತಿಯಲ್ಲಿ ಕೊನೆಗೊಂದು ಪ್ಯಾರಾ ಇತ್ತು. ದೇವರು ಮರೆಯಲ್ಲಿರುವವನು, ಸೃಷ್ಟಿಯ ಮೇಲೆ ಭೌತಶಾಸ್ತ್ರ ಒಂದು ತೆರೆ ಎಳೆದಿರುವುದನ್ನು ಕಂಡು ನಂಬುವವರಿಗೆ ಸಂತೋಷವೇ ಆಗಬಹುದು ಎಂಬ ಅರ್ಥದ ಮಾತು. ಅಚ್ಚಿಗೆ ಹೋಗುವ ಮುಂಚೆ ಅವರೇ ಅದನ್ನು ಹೊಡೆದುಹಾಕಿದರು. ನಂಬಿಕೆ ಕಡಿಮೆಯಾಗಿ ಅಲ್ಲ. ಆ ಮಾತಿನ ಜಾಗ ಅದಲ್ಲ ಅನ್ನಿಸಿರಬೇಕು. 1951ರಲ್ಲಿ ಪೋಪ್ 12ನೇ ಪಯಸ್ ಅವರು ಈ ಹೊಸ ವಿಜ್ಞಾನವೇ ಸೃಷ್ಟಿಗೆ ಸಾಕ್ಷಿ ಎಂಬಂತೆ ಮಾತಾಡಿದಾಗಲೂ ಲೆಮೇತ್ರ್ ಅವರಿಗೆ ಅದು ಹಿಡಿಸಲಿಲ್ಲ. ನನಗೆ ಅವರ ಮೇಲೆ ಗೌರವ ಜಾಸ್ತಿಯಾದದ್ದು ಇಲ್ಲೇ.

ಈಗ ನಮ್ಮ ಪದಕ್ಕೆ ಬರೋಣ. 'ಸೃಷ್ಟಿ'ಯ ಧಾತು ಸೃಜ್. ಅಂದರೆ ಬಿಡು, ಹೊರಹಾಕು. ವಿಸರ್ಜನೆ, ನಿಸರ್ಗ ಎರಡೂ ಅದರ ಒಡಹುಟ್ಟಿದವು. ಅದರಲ್ಲಿ 'ಏನೂ ಇಲ್ಲದೆಡೆಯಿಂದ' ಎಂಬ ಕ್ರೈಸ್ತ ಅರ್ಥ ಇರಲಿಲ್ಲ. ಅದು ಚರ್ಚಿನ ಬಳಕೆಯಿಂದ ಬಂದು ಸೇರಿದ್ದು. ಇನ್ನೊಂದು ಕಡೆ ಪೇಪರಿನವರು "ಗೊಂದಲ ಸೃಷ್ಟಿಯಾಯಿತು", "ಉದ್ಯೋಗ ಸೃಷ್ಟಿ" ಎಂದು ದಿನಾ ಬರೆಯುತ್ತಾರೆ. ಹೀಗೆ ಒಂದೇ ಪದದ ಮೇಲೆ ಮೂರು ಹೊರೆ. ಹಳೆಯ ಕನ್ನಡ ಬೈಬಲಿನ ಆದಿಕಾಂಡದ ಮೊದಲ ಸಾಲಿನಲ್ಲಿ ಇರುವುದು 'ಉಂಟುಮಾಡಿದನು'. ಎಷ್ಟು ಅಚ್ಚುಕಟ್ಟು ನೋಡಿ. ಇಲ್ಲದ್ದು ಉಂಟಾಯಿತು, ಮಾಡಿದವನೊಬ್ಬನಿದ್ದಾನೆ. ಎರಡೂ ಒಂದೇ ಪದದಲ್ಲಿ ಬಂತು. ನಂಬಿಕೆಯ ಮಾತಿಗೆ ಇದನ್ನೇ ಇಟ್ಟುಕೊಳ್ಳೋಣ ಅಂತಿದ್ದೇನೆ.

ನನ್ನ ತೊಡಕು ಇರುವುದು ವಿಜ್ಞಾನದ ಕಡೆಯ ಪದಕ್ಕೆ. 'ಹುಟ್ಟು' ಚೆನ್ನಾಗಿದೆ, ಆದರೆ ಹುಟ್ಟು ಅಂದ ಕೂಡಲೇ ಹೆತ್ತವರು ಯಾರು ಅನ್ನುತ್ತಾರೆ ಮಕ್ಕಳು. 'ಆದಿ' ಅಂದರೆ ಮತ್ತೆ ಬೈಬಲಿಗೇ ಹೋದಂತೆ, ಅಲ್ವಾ? 'ಆದಿ ಪರಮಾಣು' ಅನ್ನುವುದನ್ನೂ ಬದಲಿಸಬೇಕೇನೋ. 'ಮೊದಲು' ಹಾಕಿದರೆ "ಜಗತ್ತಿನ ಮೊದಲು" ಎಂಬುದು ಜಗತ್ತಿಗಿಂತ ಮುಂಚೆ ಎಂದು ಕೇಳಿಸುತ್ತದೆ. ಲೆಮೇತ್ರ್ ಬರಹದಲ್ಲಿ ಇದು ದೊಡ್ಡ ತೊಂದರೆ. ದೇಶ (ಅಂದರೆ ಜಾಗ), ಕಾಲ ಎರಡೂ ಶುರುವಾಗುವುದಕ್ಕಿಂತ ಸ್ವಲ್ಪ ಮುಂಚೆ ಜಗತ್ತು ಶುರುವಾಯಿತು ಎಂಬ ಮಾತು 1931ರ ಆ ಪತ್ರದಲ್ಲಿದೆ. 'ಮುಂಚೆ'ಯೂ 'ಮೊದಲೂ' ಒಂದೇ ಸಾಲಿಗೆ ಬಂದರೆ ಓದುವವರು ಕಂಗೆಡುತ್ತಾರೆ.

ಸದ್ಯಕ್ಕೆ 'ಶುರು' ಎಂದು ಬರೆದಿದ್ದೇನೆ. ನಮ್ಮ ಮಾತಿಗೆ ಹತ್ತಿರ, ಯಾರು ಮಾಡಿದರು ಎಂಬ ಪ್ರಶ್ನೆಯನ್ನು ಎಳೆದು ತರುವುದಿಲ್ಲ. ಆದರೆ "ಜಗತ್ತಿನ ಶುರು" ಎಂದು ತಲೆಬರಹ ಕೊಟ್ಟರೆ ಸ್ವಲ್ಪ ಹಗುರವಾಯಿತೇನೋ ಅನ್ನಿಸುತ್ತದೆ. 'ಆರಂಭ' ಗಟ್ಟಿಯಾಗಿದೆ, ಆದರೆ ಸಮಾರಂಭದ ವಾಸನೆ ಬರುತ್ತದೆ. ನಿಮ್ಮ ಊರಿನ ಕಡೆ ಇದಕ್ಕೆ ಬೇರೆ ಪದ ಇದೆಯೇ? ವಿಜ್ಞಾನ ಪಾಠ ಮಾಡುವವರು ಕ್ಲಾಸಿನಲ್ಲಿ ಏನನ್ನುತ್ತೀರಿ? ಮುಂದಿನ ಭಾನುವಾರದೊಳಗೆ ಆ ಹುಡುಗಿಗೆ ತಿದ್ದಿದ ಪುಟ ಕೊಡಬೇಕು.