ಸರ್ವರ್‌ನ ಹಾರ್ಡ್ ಡಿಸ್ಕನ್ನು ಹೊಸ ಕಂಪ್ಯೂಟರಿಗೆ ಜೋಡಿಸಿದರೆ ಲಿನಕ್ಸ್ ಹಾಗೆಯೇ ಬೂಟ್ ಆಗುತ್ತದೆಯೇ?

ಪ್ರಶ್ನೆ:
ಕಡತಗಳನ್ನೂ ಒಂದು ಡೇಟಾಬೇಸನ್ನೂ ಇಟ್ಟುಕೊಂಡಿರುವ ನಮ್ಮ ಡೆಬಿಯನ್ 12 (ಲಿನಕ್ಸ್‌ನ ಒಂದು ಬಗೆ) ಸರ್ವರ್‌ನ ಮದರ್‌ಬೋರ್ಡ್ ಕೈಕೊಡುವ ಲಕ್ಷಣ ತೋರಿಸುತ್ತಿರುವುದರಿಂದ ಹೊಸ ಯಂತ್ರವೊಂದನ್ನು ತಂದಿದ್ದೇವೆ. ಹಳೆಯದರಲ್ಲಿ ಇಂಟೆಲ್ ಪ್ರೊಸೆಸರ್ ಇದೆ, ಹೊಸದರಲ್ಲಿ ಎಎಂಡಿ. ಎರಡೂ 64 ಬಿಟ್‌ನವು. ಎಲ್ಲವನ್ನೂ ಮತ್ತೆ ಇನ್‌ಸ್ಟಾಲ್ ಮಾಡಿ ಒಂದೊಂದೇ ಸೇವೆಯನ್ನು ಹೊಂದಿಸುತ್ತ ಕೂರುವ ಬದಲು ಡಿಸ್ಕನ್ನೇ ಬಿಚ್ಚಿ ಹಾಕಿದರೆ ಸಾಕೇ? ಬಿಚ್ಚುವ ಮೊದಲು ಏನನ್ನು ನೋಡಿಕೊಳ್ಳಬೇಕು?

ಉತ್ತರ 1:
ಬಹುತೇಕ ಬೂಟ್ ಆಗುತ್ತದೆ. ಲಿನಕ್ಸ್‌ನ ಡ್ರೈವರ್‌ಗಳು ಕರ್ನಲ್ (ಲಿನಕ್ಸ್‌ನ ತಿರುಳು) ಜೊತೆಗೇ ಮಾಡ್ಯೂಲ್‌ಗಳಾಗಿ ಬರುತ್ತವೆ, ಯಾವುದು ಬೇಕೆಂಬುದು ಪ್ರತಿ ಬಾರಿ ಬೂಟ್ ಆಗುವಾಗ ಎದುರಿಗಿರುವ ಹಾರ್ಡ್‌ವೇರ್ ನೋಡಿಯೇ ತೀರ್ಮಾನವಾಗುತ್ತದೆ. ಹೀಗಾಗಿ ಇಂಟೆಲ್‌ನಿಂದ ಎಎಂಡಿಗೆ ಹೋಗುವುದು ದೊಡ್ಡ ವಿಷಯವಲ್ಲ. ಡೆಬಿಯನ್‌ನ ಇನಿಟ್‌ರಾಮ್‌ಎಫ್‌ಎಸ್‌ನಲ್ಲಿ (ಬೂಟ್‌ನ ಆರಂಭದಲ್ಲಿ ಮೆಮೊರಿಗೆ ಬರುವ ಪುಟ್ಟ ಕಡತ ವ್ಯವಸ್ಥೆಯಲ್ಲಿ) ಸಾಮಾನ್ಯ ಡಿಸ್ಕ್ ಕಂಟ್ರೋಲರ್‌ಗಳ ಡ್ರೈವರ್‌ಗಳು ಮೊದಲೇ ಇರುತ್ತವೆ. ಫೆಡೋರಾದಂಥವುಗಳಲ್ಲಿ ಅದು ಆಯಾ ಯಂತ್ರಕ್ಕೆ ತಕ್ಕಷ್ಟೇ ಸಿದ್ಧವಾಗುವುದರಿಂದ ಅಲ್ಲಿ ಹೆಚ್ಚಿನ ಎಚ್ಚರ ಬೇಕು.

ನೀವು ಮುಖ್ಯವಾಗಿ ನೋಡಬೇಕಾದದ್ದು ಎಫ್‌ಎಸ್‌ಟ್ಯಾಬ್ ಕಡತವನ್ನು, ಅಂದರೆ ಬೂಟ್ ಆಗುವಾಗ ಯಾವ ಡಿಸ್ಕುಗಳನ್ನು ಬಳಕೆಗೆ ಜೋಡಿಸಬೇಕೆಂಬ ಪಟ್ಟಿಯನ್ನು. ಅಲ್ಲಿ ಎಸ್‌ಡಿಎ, ಎಸ್‌ಡಿಬಿ ಎಂಬ ಡಿಸ್ಕ್ ಹೆಸರುಗಳಿದ್ದರೆ ಅವು ಹೊಸ ಯಂತ್ರದಲ್ಲಿ ಅದಲುಬದಲಾಗಬಹುದು; ಯುಯುಐಡಿ (ಡಿಸ್ಕಿನ ಪ್ರತಿ ವಿಭಾಗದ ವಿಶಿಷ್ಟ ಗುರುತು) ಹಾಕಿದ್ದರೆ ಆ ಚಿಂತೆಯಿಲ್ಲ. ಇಲ್ಲದ ಡಿಸ್ಕೊಂದರ ಸಾಲು ಉಳಿದುಕೊಂಡರೂ, ಅದಕ್ಕೆ ನೋಫೇಲ್ (ಡಿಸ್ಕ್ ಸಿಗದಿದ್ದರೂ ಮುಂದುವರಿ ಎಂಬ ಸೂಚನೆ) ಸೇರಿಸದಿದ್ದರೆ, ಸಿಸ್ಟಂ ಎಮರ್ಜೆನ್ಸಿ ಮೋಡ್‌ನಲ್ಲಿ ನಿಂತುಬಿಡುತ್ತದೆ.

ಉತ್ತರ 2:
ಮೇಲಿನ ಮಾತು ಸರಿ, ಆದರೆ ಕೆಲಸ ಕೆಡುವುದು ಹೆಚ್ಚಾಗಿ ಡಿಸ್ಕಿನ ಹೊರಗಿರುವ ವಿಷಯಗಳಿಂದ. ಯುಇಎಫ್‌ಐ (ಮದರ್‌ಬೋರ್ಡಿನಲ್ಲಿದ್ದು ಬೂಟ್ ಆರಂಭಿಸುವ ತಂತ್ರಾಂಶ) ಬೂಟ್ ನಮೂದು ಇರುವುದು ಡಿಸ್ಕಿನಲ್ಲಲ್ಲ, ಹಳೆಯ ಮದರ್‌ಬೋರ್ಡಿನ ಮೆಮೊರಿಯಲ್ಲಿ. ಹೊಸ ಬೋರ್ಡಿಗೆ ಆ ನಮೂದಿನ ಸುಳಿವೇ ಇರುವುದಿಲ್ಲ. ಅದು ಇಎಫ್‌ಐ ವಿಭಾಗದ ಬೂಟ್ ಫೋಲ್ಡರಿನಲ್ಲಿ ಬೂಟ್‌ಎಕ್ಸ್64 ಎಂಬ ಕಡತವನ್ನು ಮಾತ್ರ ಹುಡುಕುತ್ತದೆ. ಆದ್ದರಿಂದ ಹಳೆಯ ಯಂತ್ರ ಇನ್ನೂ ನಡೆಯುತ್ತಿರುವಾಗಲೇ ಗ್ರಬ್ (ಲಿನಕ್ಸನ್ನು ಬೂಟ್ ಮಾಡಿಸುವ ತಂತ್ರಾಂಶ) ಪ್ಯಾಕೇಜನ್ನು ಮರುಸಂರಚಿಸಿ, ರಿಮೂವಬಲ್ ಮೀಡಿಯಾ ಜಾಗದಲ್ಲೂ (ಅಂದರೆ ಆ ಬೂಟ್ ಫೋಲ್ಡರಿನಲ್ಲೂ) ಒಂದು ಪ್ರತಿ ಹಾಕಬೇಕೇ ಎಂದು ಕೇಳಿದಾಗ ಹೌದು ಎನ್ನಿ. ನಿಮ್ಮದು ಯುಇಎಫ್‌ಐಗಿಂತ ಹಳೆಯದಾದ ಬಯಾಸ್ ಪದ್ಧತಿಯದಾಗಿದ್ದರೆ ಮಾತ್ರ ಕಷ್ಟ, ಏಕೆಂದರೆ ಹೊಸ ಬೋರ್ಡುಗಳು ಅನೇಕವು ಆ ಸೌಲಭ್ಯವನ್ನೇ ಕೈಬಿಟ್ಟಿವೆ.

ಇನ್ನು ನೆಟ್‌ವರ್ಕ್. ಕಾರ್ಡಿನ ಹೆಸರು ಅದು ಕುಳಿತ ಪಿಸಿಐ ಸ್ಥಾನವನ್ನು ಅವಲಂಬಿಸಿರುವುದರಿಂದ, ನಿನ್ನೆ ಇಎನ್‌ಪಿ3ಎಸ್0 ಆಗಿದ್ದದ್ದು ಇಂದು ಇಎನ್‌ಪಿ5ಎಸ್0 ಆಗಬಹುದು, ಸಂರಚನೆಯಲ್ಲಿ ಹಳೆಯ ಹೆಸರೇ ಉಳಿದಿರುತ್ತದೆ. ಸರ್ವರ್ ಒಳಗೆ ಸರಿಯಾಗಿಯೇ ನಡೆಯುತ್ತಿದ್ದರೂ ಹೊರಗಿನಿಂದ ಪಿಂಗ್‌ಗೆ ಉತ್ತರಿಸದೆ ಸತ್ತಂತೆ ಕಾಣುತ್ತದೆ. ಮೊದಲ ಬೂಟ್‌ಗೆ ಮಾನಿಟರ್, ಕೀಬೋರ್ಡ್ ಜೋಡಿಸಿಕೊಳ್ಳಿ. ಐಪಿ ಲಿಂಕ್ ಆಜ್ಞೆ ಹೊಸ ಹೆಸರನ್ನು ತೋರಿಸುತ್ತದೆ. ರೌಟರ್‌ನಲ್ಲಿ ಮ್ಯಾಕ್ ವಿಳಾಸಕ್ಕೆ (ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆಗೆ) ಐಪಿ ಕಾದಿರಿಸಿದ್ದರೆ ಅದನ್ನೂ ಬದಲಿಸಬೇಕು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ನಮ್ಮದು ಯುಇಎಫ್‌ಐ ಎಂಬುದು ಖಚಿತವಾಯಿತು. ಎಫ್‌ಎಸ್‌ಟ್ಯಾಬ್‌ನಲ್ಲಿ ಬ್ಯಾಕಪ್ ಡಿಸ್ಕಿನ ಸಾಲೊಂದು ಮಾತ್ರ ಎಸ್‌ಡಿಬಿ1 ಎಂದಿತ್ತು, ಅದನ್ನು ಯುಯುಐಡಿಗೆ ಬದಲಿಸಿದ್ದೇನೆ. ಡಿಸ್ಕಿನ ಪೂರ್ತಿ ನಕಲು ತೆಗೆಯುವುದು ಅಗತ್ಯವೇ?

ಉತ್ತರ 3:
ಖಂಡಿತ ಅಗತ್ಯ. ಬೋರ್ಡಿನಷ್ಟೇ ವಯಸ್ಸಾದ ಡಿಸ್ಕನ್ನು ಹೊಸ ಯಂತ್ರದಲ್ಲಿ ಮುಂದುವರಿಸುವುದನ್ನೇ ನಾನು ಒಪ್ಪುವುದಿಲ್ಲ. ಮೊದಲು ಡೇಟಾಬೇಸಿನ ಡಂಪ್ (ಎಲ್ಲ ದತ್ತಾಂಶದ ಕಡತರೂಪದ ಪ್ರತಿ) ತೆಗೆದು ಬೇರೆಡೆ ಇಡಿ. ಆಮೇಲೆ ಲೈವ್ ಯುಎಸ್‌ಬಿಯಿಂದ (ಇನ್‌ಸ್ಟಾಲ್ ಮಾಡದೆಯೇ ನಡೆಯುವ ಲಿನಕ್ಸ್ ಇರುವ ಪೆನ್ ಡ್ರೈವ್‌ನಿಂದ) ಬೂಟ್ ಮಾಡಿ, ಅಷ್ಟೇ ಅಥವಾ ಹೆಚ್ಚಿನ ಗಾತ್ರದ ಹೊಸ ಡಿಸ್ಕಿಗೆ ಕ್ಲೋನ್‌ಜಿಲ್ಲಾ ಎಂಬ ನಕಲು ತಂತ್ರಾಂಶದಿಂದ ಪೂರ್ತಿ ನಕಲು ಮಾಡಿ, ಆ ನಕಲನ್ನೇ ಹೊಸ ಯಂತ್ರಕ್ಕೆ ಹಾಕಿ. ಏನಾದರೂ ಎಡವಟ್ಟಾದರೆ ಮೂಲ ಡಿಸ್ಕ್ ಇದ್ದಂತೆಯೇ ಇರುತ್ತದೆ.

ಹೊಸ ನೆಟ್‌ವರ್ಕ್ ಕಾರ್ಡಿಗೆ ಫರ್ಮ್‌ವೇರ್ (ಕಾರ್ಡಿನೊಳಗೇ ನಡೆಯುವ ತಂತ್ರಾಂಶ) ಪ್ಯಾಕೇಜ್ ಬೇಕಾಗುವಂತಿದ್ದರೆ ಅದನ್ನೂ, ಎಎಂಡಿಯ ಮೈಕ್ರೋಕೋಡ್ (ಪ್ರೊಸೆಸರ್‌ನ ದೋಷಗಳನ್ನು ತಿದ್ದುವ ಸೂಚನೆಗಳು) ಪ್ಯಾಕೇಜನ್ನೂ ಹಳೆಯ ಯಂತ್ರದಲ್ಲೇ ಹಾಕಿಕೊಳ್ಳಿ. ಅಲ್ಲಿಗೆ ಹೋದ ಮೇಲೆ ನೆಟ್‌ವರ್ಕೇ ಇಲ್ಲದಿದ್ದರೆ ಇಳಿಸಿಕೊಳ್ಳಲು ದಾರಿಯಿರುವುದಿಲ್ಲ. ನಕಲನ್ನೂ ಮೂಲವನ್ನೂ ಒಂದೇ ಯಂತ್ರಕ್ಕೆ ಒಟ್ಟಿಗೆ ಜೋಡಿಸಿ ಬೂಟ್ ಮಾಡಬೇಡಿ. ಎರಡರ ಯುಯುಐಡಿಯೂ ಒಂದೇ ಆಗಿರುವುದರಿಂದ ಯಾವುದು ಮೌಂಟ್ ಆಗುತ್ತದೆಂದು (ಬಳಕೆಗೆ ಜೋಡಣೆಯಾಗುತ್ತದೆಂದು) ಹೇಳಲಾಗದು, ಹೊಸ ದಾಖಲೆಗಳು ಹಳೆಯ ಡಿಸ್ಕಿಗೆ ಬರೆಯಲ್ಪಟ್ಟರೂ ನಿಮಗೆ ತಿಳಿಯುವುದಿಲ್ಲ.