ಹಿಂಡುವಾಗ ವಾಷಿಂಗ್ ಮಷಿನ್ ಟಬ್ ದಡದಡ ಬಡಿಯುತ್ತದೆ, ಒಂದೇ ಸಸ್ಪೆನ್ಷನ್ ರಾಡ್ ಬದಲಿಸಿದರೆ ಸಾಕಾ?

ಮಲ್ಲಿಗೆಮನೆ (ದಾವಣಗೆರೆ):
ನಮ್ಮದು ಆರೂವರೆ ಕೆಜಿ ಟಾಪ್ ಲೋಡ್ ಮಷಿನ್, ಏಳು ವರ್ಷ ಆಯ್ತು. ಒಗೆಯುವುದು, ಜಾಲಿಸುವುದು ಎಲ್ಲ ಸರಿಯಾಗಿದೆ. ಹಿಂಡುವಾಗ ಮಾತ್ರ ಟಬ್ ಒಳಗಿನಿಂದ ದಡದಡ ಬಡಿಯುತ್ತದೆ, ನೋಡಿದರೆ ಮಷಿನ್ ಗೋಡೆ ಬಿಟ್ಟು ಒಂದು ಗೇಣು ಮುಂದೆ ಬಂದಿರುತ್ತದೆ. ಬೆಡ್‌ಶೀಟ್ ಹಾಕಿದ ದಿನವಂತೂ ಯುಇ (ಒಳಗಿನ ಬಟ್ಟೆಯ ಭಾರ ಒಂದೇ ಕಡೆ ಸೇರಿದೆ ಅನ್ನುವ ಸೂಚನೆ) ಅಂತ ತೋರಿಸಿ, ಮತ್ತೆ ನೀರು ತುಂಬಿಕೊಂಡು, ಮತ್ತೆ ತಿರುಗಲು ನೋಡಿ, ಕೊನೆಗೆ ನಿಂತೇ ಹೋಗುತ್ತದೆ. ನೀರೆಲ್ಲ ದಂಡ. ರಿಪೇರಿಯವರೊಬ್ಬರು ಬಂದು ಗೇರ್‌ಬಾಕ್ಸ್ ಹೋಗಿದೆ, 4,500 ಆಗುತ್ತದೆ ಅಂದರು. ಪಕ್ಕದ ಮನೆಯವರು ರಾಡ್ ಇರಬೇಕು ಅಂತಾರೆ. ಮುಂದಿನ ಎಡ ಮೂಲೆ ಸ್ವಲ್ಪ ಇಳಿದ ಹಾಗೆ ಕಾಣುತ್ತದೆ. ಆ ಒಂದನ್ನೇ ಬದಲಿಸಬಹುದಾ?

ಪಾನಾಪೆಟ್ಟಿಗೆ (ಹುಬ್ಬಳ್ಳಿ):
ಮೇಡಂ, ಗೇರ್‌ಬಾಕ್ಸ್‌ಗೆ ದುಡ್ಡು ಕೊಡುವ ಮೊದಲು ಒಂದು ಪರೀಕ್ಷೆ ಮಾಡಿ. ಪ್ಲಗ್ ತೆಗೆದು, ಖಾಲಿ ಟಬ್ಬಿನ ಅಂಚನ್ನು ಕೈಯಿಂದ ಜೋರಾಗಿ ಕೆಳಗೆ ಒತ್ತಿ ಬಿಟ್ಟುಬಿಡಿ. ಮೇಲೆ ಬಂದು ತಕ್ಷಣ ನಿಂತರೆ ರಾಡ್ ಚೆನ್ನಾಗಿದೆ. ಉಯ್ಯಾಲೆ ಹಾಗೆ ಮೂರು ನಾಲ್ಕು ಸಲ ಕುಣಿದರೆ ರಾಡ್ ಸವೆದಿದೆ. ನಾಲ್ಕೂ ಮೂಲೆಯಲ್ಲಿ ಒತ್ತಿ ನೋಡಿ.

ಟಬ್ ನೆಲದ ಮೇಲೆ ಕೂತಿರುವುದಿಲ್ಲ, ನಾಲ್ಕು ರಾಡಿನಲ್ಲಿ ತೂಗುತ್ತಿರುತ್ತದೆ. ರಾಡಿನ ಕೆಳತುದಿಯಲ್ಲಿ ಒಂದು ಪ್ಲಾಸ್ಟಿಕ್ ಬಟ್ಟಲು, ಅದರೊಳಗೆ ಸ್ಪ್ರಿಂಗ್. ಬಟ್ಟಲು ರಾಡಿಗೆ ಬಿಗಿಯಾಗಿ ಉಜ್ಜುತ್ತಾ ಜಾರುವುದರಿಂದಲೇ ಕುಣಿತ ನಿಲ್ಲುವುದು. ಸವೆದ ಮೇಲೆ ಆ ಬಿಗಿ ಇರುವುದಿಲ್ಲ. ಏಳು ವರ್ಷದಲ್ಲಿ ಒಂದು ಸವೆದಿದೆ ಅಂದರೆ ಉಳಿದ ಮೂರೂ ಅಷ್ಟೇ ದುಡಿದಿವೆ, ಒಂದೇ ಹೊಸದು ಹಾಕಿದರೆ ಟಬ್ ಮತ್ತೆ ಓರೆಯಾಗಿ ಬಡಿಯುತ್ತದೆ. ದಯವಿಟ್ಟು ನಾಲ್ಕೂ ಒಟ್ಟಿಗೆ ಹಾಕಿ. ಅಂಗಡಿಗೆ ಹಳೆಯ ರಾಡ್ ತೆಗೆದುಕೊಂಡೇ ಹೋಗಿ, ಉದ್ದ ಹೋಲಿಸಿ ನೋಡಿ. ಕೆಲವು ಮಾಡಲ್‌ಗಳಲ್ಲಿ ಹಿಂದಿನ ಎರಡು, ಮುಂದಿನ ಎರಡು ಬೇರೆ ಬೇರೆ ಬಿಗಿಯವು, ಗುರುತಿಗೆ ಬಣ್ಣ ಬೇರೆ ಕೊಟ್ಟಿರುತ್ತಾರೆ. ಯಾವುದು ಎಲ್ಲಿತ್ತು ಅಂತ ಮೊದಲೇ ಫೋಟೋ ತೆಗೆದಿಡಿ.

ಹಿತ್ತಲಬಾವಿ (ಸಾಗರ):
ರಾಡಿಗೆ ಸ್ವಲ್ಪ ಗ್ರೀಸ್ ಹಚ್ಚಿದರೆ ಆಗಲ್ವಾ? ನಮ್ಮಲ್ಲಿ ಕೊಬ್ಬರಿ ಎಣ್ಣೆ ಬಿಟ್ಟಿದ್ದೆವು, ಕಿರುಗುಡುವ ಸದ್ದು ನಿಂತಿತ್ತು.

ಪಾನಾಪೆಟ್ಟಿಗೆ:
ಬೇಡ ಸರ್. ಕಿರುಗುಡುವುದು ನಿಲ್ಲುತ್ತದೆ ನಿಜ, ಆದರೆ ಇದು ಬಾಗಿಲ ಕೀಲಲ್ಲ. ಇಲ್ಲಿ ನಮಗೆ ಬೇಕಾಗಿರುವುದೇ ಉಜ್ಜಾಟ, ಎಣ್ಣೆ ಬಿಟ್ಟರೆ ಬಟ್ಟಲು ಇನ್ನೂ ಸಲೀಸಾಗಿ ಜಾರಿ ಟಬ್ ಜಾಸ್ತಿ ಕುಣಿಯುತ್ತದೆ.

ಎರಡನೇಮಹಡಿ (ಮೈಸೂರು):
ಕಳೆದ ವರ್ಷ ನಾನೇ ಬದಲಿಸಿದೆ, ಹೇಗೆ ಅಂತ ಹೇಳುತ್ತೇನೆ. ಪ್ಲಗ್ ತೆಗೆದೆ, ನಲ್ಲಿ ಮುಚ್ಚಿ ಪೈಪ್ ಬಿಚ್ಚಿದೆ. ಮೇಲಿನ ಮುಚ್ಚಳದ ಚೌಕಟ್ಟಿಗೆ ಹಿಂದೆ ಎರಡು ಸ್ಕ್ರೂ ಇತ್ತು, ತೆಗೆದು ಚೌಕಟ್ಟನ್ನು ಮೇಲೆತ್ತಿ ಹಗ್ಗದಿಂದ ಹಿಂದಕ್ಕೆ ಕಟ್ಟಿದೆ. ಅದಕ್ಕೆ ವೈರ್ ಇರುತ್ತವೆ, ಎಳೆಯಬೇಡಿ. ಆಮೇಲೆ ನನ್ನ ತಮ್ಮ ಟಬ್ಬನ್ನು ಒಂದು ಮೂಲೆಯಲ್ಲಿ ಎತ್ತಿ ಹಿಡಿದ, ನಾನು ರಾಡಿನ ಮೇಲ್ತುದಿಯನ್ನು ಮೂಲೆಯಿಂದ ಬಿಡಿಸಿ, ಕೆಳಗಿನ ಬಟ್ಟಲನ್ನು ಟಬ್ಬಿನ ಕಿವಿಯಿಂದ ಪಕ್ಕಕ್ಕೆ ಎಳೆದುಕೊಂಡೆ. ಒಂದು ತೆಗೆದು ಅಲ್ಲೇ ಹೊಸದು ಹಾಕಿ, ಆಮೇಲೆ ಮುಂದಿನದಕ್ಕೆ ಹೋಗಿ. ನಾಲ್ಕನ್ನೂ ಒಟ್ಟಿಗೆ ಬಿಚ್ಚಿದರೆ ಟಬ್ ಕೆಳಗೆ ಕೂತುಬಿಡುತ್ತದೆ. ಒಬ್ಬರೇ ಮಾಡಲು ಹೋಗಬೇಡಿ, ಟಬ್ ತುಂಬಾ ಭಾರ, ಬೆರಳು ಸಿಕ್ಕಿಕೊಳ್ಳುತ್ತದೆ. ನಮಗೆ ಮುಕ್ಕಾಲು ಗಂಟೆ ಹಿಡಿಯಿತು.

ಇನ್ನೊಂದು, ಬಚ್ಚಲಲ್ಲಿ ಇಟ್ಟಿದ್ದರೆ ನೆಲ ನೀರು ಹೋಗುವ ಕಡೆ ಇಳಿಜಾರಾಗಿರುತ್ತದೆ ಅಲ್ವಾ, ಮಷಿನ್ನಿನ ಕಾಲು ತಿರುಗಿಸಿ ಮಟ್ಟ ಮಾಡಿ. ಅದು ಸರಿಯಿಲ್ಲದಿದ್ದರೆ ಹೊಸ ರಾಡ್ ಹಾಕಿಯೂ ಅಲುಗಾಡುತ್ತದೆ.

ಮಲ್ಲಿಗೆಮನೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒತ್ತಿ ನೋಡಿದೆ, ಎಡಗಡೆ ಐದು ಸಲ ಕುಣಿಯಿತು. ನಾಲ್ಕು ರಾಡಿಗೆ 950 ಕೊಟ್ಟೆ, ಭಾನುವಾರ ನಾನು, ಮಗ ಇಬ್ಬರೂ ಸೇರಿ ಹಾಕಿದೆವು. ಹಿಂದಿನ ಬಲ ಮೂಲೆಯದು ಬಿಡಿಸುವುದೇ ಕಷ್ಟ ಆಯ್ತು. ಇವತ್ತು ಎರಡು ಬೆಡ್‌ಶೀಟ್ ಹಾಕಿ ಪಕ್ಕದಲ್ಲೇ ನಿಂತು ನೋಡಿದೆ, ಇಟ್ಟ ಜಾಗದಿಂದ ಕದಲಲಿಲ್ಲ.